ಪ್ರವಾಸಿ ಚಾಲನೆ ಮತ್ತು ರಸ್ತೆ ಸುರಕ್ಷತೆ: ಪಶ್ಚಿಮ ಬೆಂಗಳೂರು

ಒಂದು ದೇಶದಲ್ಲಿ ಚಾಲನಾ ಪರವಾನಗಿ ಪಡೆದವರು ಅಲ್ಪಕಾಲಕ್ಕೆ ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ವಾಹನ ಓಡಿಸುವುದಕ್ಕೆ ಪ್ರವಾಸಿ ಚಾಲನೆ ಎನ್ನಬಹುದು. ಅಂತರರಾಷ್ಟ್ರೀಯ ಒಪ್ಪಂದಗಳು, ಪರವಾನಗಿ ಪುಸ್ತಿಕೆ, ಆಯಾ ದೇಶದ ಸಂಚಾರ ನಿಯಮ, ಬಾಡಿಗೆ ವಾಹನದ ಕರಾರು, ವಿಮೆ, ಅಪಘಾತವಾದರೆ ಹೊರಬೇಕಾದ ಹೊಣೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಬೆಂಗಳೂರಿಗೆ ಈ ವಿಷಯ ಎರಡು ಕಡೆಯಿಂದ ಮುಖ್ಯವಾಗುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೋ, ಮಗನ ಮನೆಗೆಂದು ಜರ್ಮನಿಗೋ ಹೋಗಿಬರುವ ತಂದೆತಾಯಿಯರು ಇಲ್ಲಿನ ಬಡಾವಣೆಗಳಲ್ಲಿ ಅನೇಕರಿದ್ದಾರೆ. ರಜೆಗೆ ಊರಿಗೆ ಬಂದು ಅಪ್ಪನ ಕಾರಿನ ಕೀಲಿ ಕೈಗೆತ್ತಿಕೊಳ್ಳುವ ಮಕ್ಕಳೂ ಇದ್ದಾರೆ. ಮೈಸೂರಿನ ಕಡೆ ಹೊರಟ ವಿದೇಶಿ ಪ್ರವಾಸಿಗರು ನಗರವನ್ನು ಬಿಡುವುದೂ ಕೆಂಗೇರಿಯ ದಾರಿಯಲ್ಲೇ. ಹೋಗುವವರಿಗೂ ಬರುವವರಿಗೂ ಎದುರಾಗುವ ತೊಡಕು ಒಂದೇ. ಕಾಗದಪತ್ರ ಒಂದೆರಡು ದಿನಗಳಲ್ಲಿ ಸಿದ್ಧವಾಗುತ್ತದೆ. ಕೈಕಾಲುಗಳಿಗೆ ಅಂಟಿದ ರೂಢಿ ಬದಲಾಗಲು ಅದಕ್ಕಿಂತ ಹೆಚ್ಚು ಸಮಯ ಬೇಕು.

ಒಪ್ಪಂದಗಳ ಹಿನ್ನೆಲೆ

ಮೋಟಾರು ವಾಹನಗಳು ಗಡಿ ದಾಟತೊಡಗಿದ ಕಾಲದಲ್ಲೇ ಒಂದು ದೇಶದ ಪರವಾನಗಿಯನ್ನು ಇನ್ನೊಂದು ದೇಶ ಹೇಗೆ ಒಪ್ಪಬೇಕೆಂಬ ಪ್ರಶ್ನೆ ಎದ್ದಿತು. 1909ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಒಪ್ಪಂದವಾಯಿತು. 1926ರಲ್ಲಿ ಅದೇ ನಗರದಲ್ಲಿ ಎರಡನೆಯದು, 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಮೂರನೆಯದು, 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ನಾಲ್ಕನೆಯದು ರೂಪುಗೊಂಡವು. ಭಾರತ 1949ರ ಜಿನೀವಾ ಒಪ್ಪಂದಕ್ಕೆ ಸೇರಿದ ದೇಶ. ಆದ್ದರಿಂದ ಇಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಆ ಒಪ್ಪಂದದ ಮಾದರಿಯಲ್ಲಿರುತ್ತದೆ.

ಜನ ಇದನ್ನು ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂದೇ ಕರೆಯುತ್ತಾರೆ. ನಿಜದಲ್ಲಿ ಅದು ಪ್ರತ್ಯೇಕ ಲೈಸೆನ್ಸ್ ಆಗಿರದೆ, ಕೈಯಲ್ಲಿರುವ ಚಾಲನಾ ಪರವಾನಗಿಯ (ಡಿ.ಎಲ್.) ವಿವರಗಳನ್ನು ಬೇರೆ ಭಾಷೆಗಳಲ್ಲಿ ತಿಳಿಸುವ ಪುಸ್ತಿಕೆ ಮಾತ್ರ. ಮೂಲ ಡಿ.ಎಲ್. ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಕೊಟ್ಟ ದೇಶದೊಳಗೆ ಅದು ಚಲಾವಣೆಯಾಗುವುದೂ ಇಲ್ಲ. ಪುಸ್ತಿಕೆಯಲ್ಲಿ ವಾಹನಗಳನ್ನು ಐದು ವರ್ಗ ಮಾಡಲಾಗಿದೆ: ಎ ಎಂದರೆ ಮೋಟಾರ್‌ಸೈಕಲ್, ಬಿ ಎಂದರೆ ಚಾಲಕನನ್ನು ಬಿಟ್ಟು ಎಂಟು ಆಸನಗಳವರೆಗಿನ ಕಾರು ಅಥವಾ 3,500 ಕಿಲೋಗ್ರಾಂ ಮೀರದ ಸರಕು ವಾಹನ, ಸಿ ಭಾರಿ ಸರಕು ವಾಹನ, ಡಿ ಬಸ್ಸು, ಇ ಹಿಂಬಂಡಿ ಸೇರಿದ ವಾಹನ. ಯಾವ ವರ್ಗಕ್ಕೆ ಮೊಹರು ಬಿದ್ದಿದೆಯೋ ಆ ವಾಹನವನ್ನಷ್ಟೇ ಓಡಿಸಬಹುದು.

2022ರ ಆಗಸ್ಟ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಈ ಪುಸ್ತಿಕೆಯ ನಮೂನೆಯನ್ನು ದೇಶಕ್ಕೆಲ್ಲ ಒಂದೇ ಆಗಿ ಮಾಡಿತು. ಅದಕ್ಕೂ ಮೊದಲು ಗಾತ್ರ, ಬಣ್ಣ, ವಿನ್ಯಾಸಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದ್ದು, ವಿದೇಶದ ಅಧಿಕಾರಿಗಳಿಗೆ ಅನುಮಾನ ಹುಟ್ಟಿಸುತ್ತಿದ್ದವು. ಈಗಿನ ನಮೂನೆಯಲ್ಲಿ ಮೂಲ ಡಿ.ಎಲ್.ಗೆ ಜೋಡಿಸಿದ ಕ್ಯೂಆರ್ ಕೋಡ್ ಇದೆ.

ಪರವಾನಗಿ ಪಡೆಯುವ ಬಗೆ

ಪಶ್ಚಿಮ ಬೆಂಗಳೂರಿನ ಹೆಚ್ಚಿನ ಭಾಗ ಎರಡು ಪ್ರಾದೇಶಿಕ ಸಾರಿಗೆ ಕಚೇರಿಗಳಿಗೆ (ಆರ್.ಟಿ.ಓ.) ಸೇರಿದೆ. ಕೆಎ-02 ಸಂಖ್ಯೆಯ ಬೆಂಗಳೂರು ಪಶ್ಚಿಮ ಕಚೇರಿ ರಾಜಾಜಿನಗರದ್ದು; ಕೆಎ-41 ಸಂಖ್ಯೆಯದು ಕೆಂಗೇರಿ ಕಡೆಯ ಜ್ಞಾನಭಾರತಿ ಕಚೇರಿ. ಬೀದಿಯಲ್ಲಿ ನಿಂತ ವಾಹನದ ಫಲಕ ನೋಡಿಯೇ ಅದು ಯಾವ ಆರ್‌.ಟಿ.ಓ.ಗೆ ಸೇರಿದ್ದೆಂದು ಇಲ್ಲಿನವರು ಹೇಳುತ್ತಾರೆ. ಜ್ಞಾನಭಾರತಿಯ ಮಲ್ಲತ್ತಹಳ್ಳಿಯಲ್ಲಿ ಸ್ವಯಂಚಾಲಿತ ಚಾಲನಾ ಪರೀಕ್ಷಾ ಪಥವಿದೆ. ಚಾಲಕ ಗೆರೆ ಮುಟ್ಟಿದನೇ, ಏರಿನಲ್ಲಿ ವಾಹನ ಹಿಂದಕ್ಕೆ ಜಾರಿತೇ ಎಂಬುದನ್ನು ಅಲ್ಲಿ ಸಂವೇದಕಗಳೇ ದಾಖಲಿಸುತ್ತವೆ.

ಅಂತರರಾಷ್ಟ್ರೀಯ ಪರವಾನಗಿಗೆ ನಮೂನೆ 4ಎಯಲ್ಲಿ ಅರ್ಜಿ ಸಲ್ಲಿಸಬೇಕು. ಕೈಗೆ ಬರುವ ಪುಸ್ತಿಕೆ ನಮೂನೆ 6ಎ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿಗದಿಯಾದ ಶುಲ್ಕ 1,000 ರೂಪಾಯಿ. ‘ಸಾರಥಿ’ ಜಾಲತಾಣದಲ್ಲಿ ಅರ್ಜಿ ತುಂಬಿ, ಚಾಲ್ತಿಯಲ್ಲಿರುವ ಡಿ.ಎಲ್. ಮತ್ತು ಪಾಸ್‌ಪೋರ್ಟ್‌ಗಳ ಪ್ರತಿ ಲಗತ್ತಿಸಬೇಕು. ಹಿಂದೆ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯವಾಗಿದ್ದವು. ಬಂದಿಳಿದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೊರಟವರು ಇದರಿಂದ ಇಕ್ಕಟ್ಟಿಗೆ ಸಿಲುಕುತ್ತಿದ್ದರು. 2021ರ ಜನವರಿಯ ಅಧಿಸೂಚನೆ ಈ ಎರಡು ಷರತ್ತುಗಳನ್ನು ತೆಗೆದುಹಾಕಿತು. ವಿದೇಶದಲ್ಲಿರುವಾಗಲೇ ಅವಧಿ ಮುಗಿದವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಲು ಅವಕಾಶ ಕೊಟ್ಟದ್ದೂ ಅದೇ ಅಧಿಸೂಚನೆ.

ಪುಸ್ತಿಕೆ ಒಂದು ವರ್ಷ ನಡೆಯುತ್ತದೆ. ಡಿ.ಎಲ್.ನ ಅವಧಿ ಅದಕ್ಕಿಂತ ಮೊದಲೇ ಮುಗಿಯುವುದಾದರೆ ಪುಸ್ತಿಕೆಯೂ ಆ ದಿನವೇ ಮುಗಿಯುತ್ತದೆ. ಆದ್ದರಿಂದ ಟಿಕೆಟ್ ತೆಗೆಯುವ ಮುನ್ನ ಡಿ.ಎಲ್. ಹಿಂದುಮುಂದು ತಿರುಗಿಸಿ ಕೊನೆಯ ದಿನಾಂಕ ನೋಡಿಕೊಳ್ಳುವುದು ಒಳ್ಳೆಯದು. ಪಾಸ್‌ಪೋರ್ಟಿನಲ್ಲಿರುವ ಹೆಸರಿಗೂ ಡಿ.ಎಲ್.ನಲ್ಲಿರುವ ಹೆಸರಿಗೂ ಇನಿಷಿಯಲ್‌ನ ವ್ಯತ್ಯಾಸವಿರುವುದು ನಮ್ಮಲ್ಲಿ ಸಾಮಾನ್ಯ. ಒಂದರಲ್ಲಿ ಬರೀ ಅಕ್ಷರವಿದ್ದು ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರಿದ್ದರೆ ವಿದೇಶದ ಬಾಡಿಗೆ ಕೌಂಟರಿನಲ್ಲಿ ಪ್ರಶ್ನೆ ಬರಬಹುದು. ಅದನ್ನು ಊರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು.

ಯಾವ ದೇಶದಲ್ಲಿ ಏನು ನಡೆಯುತ್ತದೆ

ಒಂದೇ ಪುಸ್ತಿಕೆ ಜಗತ್ತೆಲ್ಲ ನಡೆಯುತ್ತದೆಂಬ ನಂಬಿಕೆ ತಪ್ಪು. ಜಪಾನ್ 1949ರ ಜಿನೀವಾ ಮಾದರಿಯನ್ನು ಮಾನ್ಯ ಮಾಡುವುದರಿಂದ ಭಾರತದ ಪುಸ್ತಿಕೆ ಅಲ್ಲಿ ಸಲ್ಲುತ್ತದೆ. ವಿಯೆಟ್ನಾಂ 1968ರ ವಿಯೆನ್ನಾ ಒಪ್ಪಂದದ ಪುಸ್ತಿಕೆಯನ್ನಷ್ಟೇ ಒಪ್ಪುತ್ತದೆ; ನಮ್ಮ ಪುಸ್ತಿಕೆ ಹಿಡಿದು ಹನೋಯ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡವರು ಕಾನೂನಿನ ಕಣ್ಣಿಗೆ ಪರವಾನಗಿ ಇಲ್ಲದ ಚಾಲಕರು. ಚೀನಾದ ಮುಖ್ಯಭೂಮಿ ಯಾವ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾನ್ಯ ಮಾಡುವುದಿಲ್ಲ. ಶ್ರೀಲಂಕಾದಲ್ಲಿ ಸ್ಥಳೀಯ ತಾತ್ಕಾಲಿಕ ಅನುಮತಿ ಬೇಕು.

ಬ್ರಿಟನ್‌ನಲ್ಲಿ ಭಾರತದ ಡಿ.ಎಲ್. ಹಿಡಿದೇ 12 ತಿಂಗಳವರೆಗೆ ಕಾರು ಓಡಿಸಬಹುದು. ಅಮೆರಿಕದಲ್ಲಿ 50 ರಾಜ್ಯಗಳಿಗೆ 50 ಬಗೆಯ ನಿಯಮವಿದೆ. ಹೋಗುವ ರಾಜ್ಯದ ಮೋಟಾರು ವಾಹನ ಇಲಾಖೆ ಏನು ಹೇಳುತ್ತದೆಂದು ನೋಡದೆ ಹೊರಡಬಾರದು. ಕೆನಡಾ, ಆಸ್ಟ್ರೇಲಿಯಾಗಳಲ್ಲೂ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪ್ರವಾಸಿಯಾಗಿ ಹೋದ ಭಾರತೀಯರು ಅಂತರರಾಷ್ಟ್ರೀಯ ಪರವಾನಗಿಯ ಮೇಲೆ ಬಾಡಿಗೆ ಕಾರು ಓಡಿಸಬಹುದು. ಅಲ್ಲಿ ಕೆಲಸಕ್ಕೆ ಸೇರಿ ನಿವಾಸಿ ವೀಸಾ ಪಡೆದ ಮೇಲೆ ಆ ದೇಶದ ಪರವಾನಗಿಯನ್ನೇ ಪಡೆಯಬೇಕು. ಜರ್ಮನಿಯಲ್ಲಿ ನೆಲೆಸಲು ಹೋದವರ ಭಾರತದ ಪರವಾನಗಿ ಆರು ತಿಂಗಳ ನಂತರ ಅಲ್ಲಿ ನಡೆಯುವುದಿಲ್ಲ. ನೆರೆಯ ನೇಪಾಳ, ಭೂತಾನ್‌ಗಳಲ್ಲಿ ಭಾರತದ ಡಿ.ಎಲ್. ಸಾಕು. ಆದರೆ ಸ್ವಂತ ವಾಹನದಲ್ಲಿ ಹೋಗುವವರು ಗಡಿಯಲ್ಲಿ ವಾಹನಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕು.

ಎಡ ಮತ್ತು ಬಲ

ಭಾರತದಲ್ಲಿ ವಾಹನಗಳು ರಸ್ತೆಯ ಎಡಗಡೆ ಚಲಿಸುತ್ತವೆ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾ, ಸಿಂಗಪುರ, ಶ್ರೀಲಂಕಾ, ಮಾರಿಷಸ್, ದಕ್ಷಿಣ ಆಫ್ರಿಕಾಗಳಲ್ಲೂ ಎಡಗಡೆಯೇ. ಅಮೆರಿಕ, ಕೆನಡಾ, ಯೂರೋಪಿನ ಮುಖ್ಯಭೂಮಿ ಮತ್ತು ಕೊಲ್ಲಿ ದೇಶಗಳಲ್ಲಿ ಬಲಗಡೆ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಇಡೀ ದೇಶದ ಸಂಚಾರವನ್ನು ಎಡದಿಂದ ಬಲಕ್ಕೆ ತಿರುಗಿಸಿತು. 2009ರ ಸೆಪ್ಟೆಂಬರ್ 7ರಂದು ಸಮೋವಾ ಬಲದಿಂದ ಎಡಕ್ಕೆ ಬಂತು. ಒಂದು ದೇಶ ತಿಂಗಳುಗಟ್ಟಲೆ ತಯಾರಿ ನಡೆಸಿ ಮಾಡಿದ ಬದಲಾವಣೆಯನ್ನು ಒಬ್ಬ ಪ್ರವಾಸಿ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ನಿಲುಗಡೆಯಿಂದ ಹೊರಬರುವ ಐದು ನಿಮಿಷಗಳಲ್ಲಿ ಮಾಡಬೇಕಾಗುತ್ತದೆ.

ಎದುರು ವಾಹನಗಳಿರುವ ರಸ್ತೆಯಲ್ಲಿ ಚಾಲಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಉಳಿದವರನ್ನು ನೋಡಿ ನಡೆಯುತ್ತಾನೆ. ಅಪಾಯ ಕಾದಿರುವುದು ಖಾಲಿ ರಸ್ತೆಯಲ್ಲಿ. ಬೆಳಗಿನ ಜಾವ ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಫೋಟೋ ತೆಗೆಯಲು ನಿಲ್ಲಿಸಿ ಮತ್ತೆ ಹೊರಡುವಾಗ, ಒನ್‌ ವೇ ಮುಗಿದು ಇಬ್ಬದಿ ಸಂಚಾರದ ರಸ್ತೆ ಸೇರುವಾಗ ಹಳೆಯ ರೂಢಿ ತಾನಾಗಿ ಕೈಗೆ ಬರುತ್ತದೆ. ಬಲಗಡೆಯ ಸಂಚಾರಕ್ಕೆ ಹೊಂದಿಕೊಳ್ಳಲು ಒಂದು ಸುಲಭ ಗುರುತು ಉಂಟು: ಎಲ್ಲಿದ್ದರೂ ಚಾಲಕ ರಸ್ತೆಯ ನಡುಗೆರೆಯ ಪಕ್ಕದಲ್ಲಿ ಕುಳಿತಿರಬೇಕು, ಪಕ್ಕದ ಪ್ರಯಾಣಿಕ ರಸ್ತೆಯ ಅಂಚಿನ ಕಡೆ ಇರಬೇಕು. ಬಲಗಡೆ ಸಂಚಾರದ ದೇಶದಲ್ಲಿ ಎಡಕ್ಕೆ ತಿರುಗುವುದು ಅಗಲವಾದ ತಿರುವು, ಬಲಕ್ಕೆ ತಿರುಗುವುದು ಚಿಕ್ಕ ತಿರುವು. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡಿಸುವುದು ಎಲ್ಲರಿಗೂ ಆಗುವ ಸಣ್ಣ ಗೊಂದಲ. ಅದಕ್ಕೆ ಗಾಬರಿಯಾಗಿ ಕಣ್ಣನ್ನು ರಸ್ತೆಯಿಂದ ತೆಗೆಯಬಾರದು. ಆಟೊಮ್ಯಾಟಿಕ್ ಗೇರಿನ ಕಾರು ತೆಗೆದುಕೊಂಡರೆ ಎಡಬಲದ ಗೊಂದಲದಲ್ಲಿ ಒಂದು ಪಾಲು ಕಳೆಯುತ್ತದೆ.

ಬೆಂಗಳೂರಿನಿಂದ ಅಮೆರಿಕಕ್ಕೆ ಸಾಮಾನ್ಯವಾಗಿ 20 ಗಂಟೆಗೂ ಹೆಚ್ಚಿನ ಪ್ರಯಾಣ. ನಿದ್ದೆಗೆಟ್ಟ ಕಣ್ಣಿನಲ್ಲಿ, ತಿರುವುಮುರುವಾದ ರಸ್ತೆಯಲ್ಲಿ ಇಳಿದ ಕೂಡಲೇ ಸ್ಟಿಯರಿಂಗ್ ಹಿಡಿಯುವುದು ತೀರ ಅಪಾಯ. ಮೊದಲ ರಾತ್ರಿ ಮಲಗಿ, ಮರುದಿನ ಹಗಲಿನಲ್ಲಿ ಚಿಕ್ಕ ದೂರದಿಂದ ಆರಂಭಿಸಬೇಕು.

ಕೂಡುರಸ್ತೆ, ವೇಗ, ಮದ್ಯ

ವೃತ್ತದ ನಿಯಮ ಎಡಗಡೆ ಸಂಚಾರದ ದೇಶಗಳಲ್ಲಿ ಒಂದೇ: ಬಲಗಡೆಯಿಂದ ಬರುವ, ಅಂದರೆ ಆಗಲೇ ವೃತ್ತದೊಳಗಿರುವ ವಾಹನಕ್ಕೆ ದಾರಿ ಬಿಡಬೇಕು. ಭಾರತದ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ. ನಮ್ಮ ಸರ್ಕಲ್‌ಗಳಲ್ಲಿ ಮುಂಚಕ್ರ ಮೊದಲು ತೂರಿಸಿದವನಿಗೆ ದಾರಿ ಸಿಗುವುದನ್ನು ಕಂಡು ಬೆಳೆದವರಿಗೆ ಲಂಡನ್ನಿನ ವೃತ್ತದ ಬಾಯಲ್ಲಿ ನಿಂತು ಕಾಯುವುದು ಹೊಸ ಪಾಠದಂತೆ ಕಾಣಬಹುದು. ಅದು ಇಲ್ಲಿಯೂ ಕಾನೂನೇ.

ಅಮೆರಿಕದ ವಸತಿ ಪ್ರದೇಶಗಳಲ್ಲಿ ನಾಲ್ಕೂ ಕಡೆ ‘ಸ್ಟಾಪ್’ ಫಲಕವಿರುವ ಕೂಡುರಸ್ತೆಗಳಿವೆ. ಬೇರೆ ವಾಹನ ಇರಲಿ ಬಿಡಲಿ, ಚಕ್ರಗಳು ಪೂರ್ತಿ ನಿಲ್ಲಬೇಕು. ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ; ಇಬ್ಬರೂ ಒಟ್ಟಿಗೆ ಬಂದರೆ ಬಲಗಡೆಯವರಿಗೆ ಸರದಿ. ಕೆಂಪು ದೀಪದಲ್ಲಿ ಪೂರ್ತಿ ನಿಂತು ನಂತರ ಬಲಕ್ಕೆ ತಿರುಗಲು ಸಾಮಾನ್ಯವಾಗಿ ಅವಕಾಶವಿದೆ, ಆದರೆ ನ್ಯೂಯಾರ್ಕ್ ನಗರದಲ್ಲಿ ಫಲಕ ಅನುಮತಿಸದ ಹೊರತು ಇಲ್ಲ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿಟುಕಿಸಿ ನಿಂತರೆ ಹಿಂದಿನ ವಾಹನಗಳೂ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನ ವಾಹನಗಳೂ ನಿಲ್ಲಬೇಕು. ಅಲ್ಲಿ ಇಳಿಯುತ್ತಿರುವುದು ಮಕ್ಕಳು. ಈ ನಿಯಮ ಮೀರಿದವರಿಗೆ ದಂಡ ಕಠಿಣ.

ಜರ್ಮನಿಯಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಆದ್ಯತೆ. ಅಲ್ಲಿನ ಹೆದ್ದಾರಿಯಲ್ಲಿ ಸಂಚಾರ ಕಟ್ಟಿಕೊಂಡರೆ ಎಡಪಥದವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು ಆಂಬುಲೆನ್ಸ್‌ಗೆ ಮೊದಲೇ ದಾರಿ ಮಾಡಿಡಬೇಕು. ಸೈರನ್ ಕೇಳಿದ ಮೇಲೆ ಸರಿಯುವುದಲ್ಲ. ಜಪಾನಿನಲ್ಲಿ ರೈಲ್ವೆ ಕ್ರಾಸಿಂಗ್‌ಗೆ ಬಂದಾಗ ಗೇಟು ತೆರೆದಿದ್ದರೂ ನಿಂತು ನೋಡಿಯೇ ದಾಟಬೇಕು. ನ್ಯೂಜಿಲೆಂಡಿನ ಹಳ್ಳಿಗಾಡಿನಲ್ಲಿ ಒಂದೇ ವಾಹನ ಹಿಡಿಯುವ ಸೇತುವೆಗಳಿವೆ. ಯಾವ ಕಡೆಯವರು ಕಾಯಬೇಕೆಂದು ಫಲಕದ ಬಾಣಗಳು ತಿಳಿಸುತ್ತವೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ನೆಗೆಯುವುದರಿಂದ ಕತ್ತಲಾಗುವ ಮುನ್ನ ಊರು ಸೇರುವುದು ವಾಡಿಕೆ.

ಬ್ರಿಟನ್ ಮತ್ತು ಅಮೆರಿಕಗಳ ವೇಗದ ಫಲಕ ಮೈಲಿಯಲ್ಲಿರುತ್ತದೆ. 30 ಎಂದರೆ ಸುಮಾರು 48 ಕಿಲೋಮೀಟರ್. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ರಸ್ತೆಗಳ ಸಾಮಾನ್ಯ ಮಿತಿ 20 ಮೈಲಿಗೆ ಇಳಿದಿದೆ. ಅಬುಧಾಬಿಯಲ್ಲಿ ಫಲಕದ ಅಂಕಿಯೇ ಕೊನೆಯ ಮಿತಿ, ಅದರ ಮೇಲೆ ರಿಯಾಯಿತಿಯಿಲ್ಲ.

ಮದ್ಯದ ಮಿತಿಯೂ ಬೇರೆಬೇರೆ. ಭಾರತದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಇಂಗ್ಲೆಂಡಿನಲ್ಲಿ 80, ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರ್‌ನಿಂದ 50. ಜಪಾನಿನಲ್ಲಿ ಕುಡಿದ ಚಾಲಕನ ಜೊತೆ ತಿಳಿದೂ ಪ್ರಯಾಣಿಸಿದವರಿಗೂ ಶಿಕ್ಷೆಯಾಗಬಹುದು. ಈ ಅಂಕಿಗಳನ್ನು ಲೆಕ್ಕ ಹಾಕಿಕೊಂಡು ಕುಡಿಯುವ ಬದಲು, ವಾಹನ ಓಡಿಸುವ ದಿನ ಕುಡಿಯದಿರುವುದೇ ಎಲ್ಲ ದೇಶಕ್ಕೂ ಒಪ್ಪುವ ನಿಯಮ.

ಬಾಡಿಗೆ ವಾಹನ, ವಿಮೆ, ದಂಡ

ವಿದೇಶದಲ್ಲಿ ಬಾಡಿಗೆ ಕಾರಿಗೆ ಕ್ರೆಡಿಟ್ ಕಾರ್ಡಿನ ಮೇಲೆ ಠೇವಣಿ ಹಿಡಿಯುತ್ತಾರೆ. 25 ವರ್ಷಕ್ಕಿಂತ ಕಿರಿಯರಿಗೆ ಹಲವೆಡೆ ಹೆಚ್ಚುವರಿ ಬಾಡಿಗೆಯಿದೆ. ಕರಾರಿನಲ್ಲಿ ಹೆಸರಿರುವವರು ಮಾತ್ರ ಓಡಿಸಬೇಕು. ಅಣ್ಣನ ಹೆಸರಿನಲ್ಲಿ ತೆಗೆದ ಕಾರನ್ನು ದಾರಿ ಮಧ್ಯೆ ತಮ್ಮ ಓಡಿಸಿ ಡಿಕ್ಕಿಯಾದರೆ ವಿಮೆ ಕೈಬಿಡುತ್ತದೆ. ಮಕ್ಕಳ ಮನೆಗೆ ಹೋದ ತಂದೆ ಮಗನ ಕಾರನ್ನು ಓಡಿಸುವುದಾದರೂ ಆ ಕಾರಿನ ವಿಮೆ ತನಗೆ ಅನ್ವಯಿಸುತ್ತದೆಯೇ ಎಂದು ಮೊದಲು ಕೇಳಿ ತಿಳಿಯಬೇಕು. ವಾಹನ ಪಡೆಯುವಾಗ ಸುತ್ತ ಎಲ್ಲ ಕಡೆಯ ಫೋಟೋ ತೆಗೆದಿಡಬೇಕು. ಹಿಂದಿರುಗಿಸುವಾಗ ಹಳೆಯ ಗೀರಿಗೆ ಹೊಸ ಬಿಲ್ ಬಾರದಂತೆ ಅದು ಕಾಯುತ್ತದೆ.

ಇಟಲಿಯ ಹಳೆಯ ಪಟ್ಟಣಗಳ ನಡುಭಾಗಕ್ಕೆ ಅನುಮತಿಯಿಲ್ಲದ ವಾಹನ ಹೋಗುವಂತಿಲ್ಲ. ಅಲ್ಲಿನ ಕ್ಯಾಮೆರಾ ಹಿಡಿದ ತಪ್ಪಿಗೆ ದಂಡದ ಪತ್ರ ತಿಂಗಳುಗಳ ನಂತರ ಬಾಡಿಗೆ ಸಂಸ್ಥೆಯ ಮೂಲಕ ಬೆಂಗಳೂರಿನ ಮನೆಗೆ ಬರುತ್ತದೆ. ಲಂಡನ್ನಿನ ನಡುಭಾಗಕ್ಕೆ 2003ರಿಂದ ದಟ್ಟಣೆ ಶುಲ್ಕವಿದೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ಹೆದ್ದಾರಿಗೆ ಮುಂಚಿತವಾಗಿ ಸುಂಕದ ಚೀಟಿ ಪಡೆದಿರಬೇಕು. ಪೆಟ್ರೋಲ್ ಬಂಕಿನಲ್ಲಿ ತಾವೇ ತುಂಬಿಸಿಕೊಳ್ಳಬೇಕಾದ ದೇಶಗಳಲ್ಲಿ ಪೈಪಿನ ಬಣ್ಣ ನಂಬಬಾರದು: ಬ್ರಿಟನ್‌ನಲ್ಲಿ ಹಸಿರು ಎಂದರೆ ಪೆಟ್ರೋಲ್, ಅಮೆರಿಕದಲ್ಲಿ ಹಸಿರು ಹಿಡಿಕೆ ಹೆಚ್ಚಾಗಿ ಡೀಸೆಲ್‌ನದು. ಪೊಲೀಸರು ತಡೆದರೆ ಅಮೆರಿಕದಲ್ಲಿ ಕಾರಿನಿಂದ ಇಳಿಯದೆ, ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತಿಟ್ಟು ಕುಳಿತಿರಬೇಕು. ಎಲ್ಲೇ ಆಗಲಿ, ಅಧಿಕಾರಿಗೆ ಕೈಯಲ್ಲಿ ದುಡ್ಡು ಚಾಚುವುದು ದಂಡಕ್ಕಿಂತ ದೊಡ್ಡ ಅಪರಾಧ.

ದ್ವಿಚಕ್ರ ವಾಹನ

ಫುಕೆಟ್, ಬಾಲಿಗಳಲ್ಲಿ ಸ್ಕೂಟರ್ ಬಾಡಿಗೆ ಸುಲಭವಾಗಿ ಸಿಗುತ್ತದೆ. ಕೊಡುವವರು ಪರವಾನಗಿ ಕೇಳದಿರಬಹುದು. ಆದರೆ ಪುಸ್ತಿಕೆಯಲ್ಲಿ ಎ ವರ್ಗದ ಮೊಹರು ಇಲ್ಲದಿದ್ದರೆ ಅಪಘಾತವಾದ ದಿನ ಪ್ರವಾಸ ವಿಮೆ ಕೈಕೊಡುತ್ತದೆ, ಆಸ್ಪತ್ರೆಯ ಖರ್ಚು ಪೂರ್ತಿ ತಲೆಯ ಮೇಲೆ ಬೀಳುತ್ತದೆ. ಭಾರತದಲ್ಲಿ ಕಾರಿಗೆ ಮಾತ್ರ ಡಿ.ಎಲ್. ಪಡೆದವರು ಇದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾಗಿ ಧರಿಸಿದ ಹೆಲ್ಮೆಟ್ ಸಾವಿನ ಅಪಾಯವನ್ನು ಆರು ಪಟ್ಟು ಕಡಿಮೆ ಮಾಡುತ್ತದೆ. ಗದ್ದದ ಪಟ್ಟಿ ಬಿಗಿಯದೆ ತಲೆಯ ಮೇಲಿಟ್ಟ ಹೆಲ್ಮೆಟ್‌ಗೆ ಈ ಗುಣವಿಲ್ಲ.

ಪಶ್ಚಿಮ ಬೆಂಗಳೂರಿಗೆ ಬರುವವರು

ವಿದೇಶಿ ಪ್ರವಾಸಿಗರು ಇಲ್ಲಿ ವಾಹನ ಓಡಿಸಲು ತಮ್ಮ ದೇಶದ ಪರವಾನಗಿಯ ಜೊತೆ ಅಂತರರಾಷ್ಟ್ರೀಯ ಪರವಾನಗಿ ಇಟ್ಟುಕೊಂಡಿರಬೇಕು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಪರವಾನಗಿ ಇಲ್ಲದ ಚಾಲನೆಗೆ 5,000 ರೂಪಾಯಿ ದಂಡವಿದೆ. ವಿದೇಶದಲ್ಲಿ ನೋಂದಣಿಯಾದ ವಾಹನವನ್ನೇ ತರುವವರಿಗೆ 2022ರಲ್ಲಿ ಪ್ರತ್ಯೇಕ ನಿಯಮಗಳಾಗಿವೆ: ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪತ್ರ ಜೊತೆಗಿರಬೇಕು, ಸ್ಥಳೀಯ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವಂತಿಲ್ಲ.

ಚಾಲಕರಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಪಡೆದು ಅಪಘಾತವಾದರೆ ವಿಮಾ ಸಂಸ್ಥೆ ಪರಿಹಾರ ನಿರಾಕರಿಸಬಹುದು. ರಜೆಗೆ ಊರಿಗೆ ಬರುವ ಮಕ್ಕಳು ತಮ್ಮ ಹಳೆಯ ಡಿ.ಎಲ್. ಅವಧಿ ನೋಡಿಕೊಳ್ಳಬೇಕು, ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ನವೀಕರಣಕ್ಕೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಹತ್ತು ವರ್ಷ ಬಲಗಡೆ ಓಡಿಸಿದವರ ಕೈ ಬಸವೇಶ್ವರನಗರದ ಖಾಲಿ ಅಡ್ಡರಸ್ತೆಯಲ್ಲಿ ಬಲಕ್ಕೇ ಎಳೆಯುತ್ತದೆ. ಹುಟ್ಟಿ ಬೆಳೆದ ಬೀದಿಯೇ ಆದರೂ ಮೊದಲ ದಿನ ಅವರೂ ಪ್ರವಾಸಿಗಳೇ.

ಈ ಭಾಗದ ರಸ್ತೆಗಳಿಗೆ ಅವುಗಳದೇ ಸ್ವಭಾವವಿದೆ. ಕಾರ್ಡ್ ರಸ್ತೆಯಲ್ಲಿ ಮೇಲ್ಸೇತುವೆ, ಕೆಳಸೇತುವೆಗಳು ಒಂದರ ಹಿಂದೊಂದು ಬರುವುದರಿಂದ ಇಳಿಯಬೇಕಾದ ಕಡೆ ಮೊದಲೇ ಸರ್ವಿಸ್ ರಸ್ತೆಗೆ ಸರಿಯಬೇಕು. ತಪ್ಪಿದರೆ ಹಿಂದಕ್ಕೆ ತೆಗೆಯದೆ ಮುಂದೆ ಹೋಗಿ ತಿರುಗಿ ಬರಬೇಕು. ನವರಂಗ್ ಸರ್ಕಲ್, ಮಾಗಡಿ ರಸ್ತೆಯ ಟೋಲ್‌ಗೇಟ್, ಸುಮನಹಳ್ಳಿ, ನಾಯಂಡಹಳ್ಳಿಗಳು ಬಸ್ಸು, ಆಟೋ, ಬೈಕು, ನಡೆಯುವವರೆಲ್ಲ ಒಟ್ಟಿಗೆ ಸೇರುವ ಜಾಗಗಳು. ಬಡಾವಣೆಗಳ ಒಳಗಿನ ಉಬ್ಬುಗಳಲ್ಲಿ ಅನೇಕವಕ್ಕೆ ಬಣ್ಣ ಮಾಸಿರುತ್ತದೆ. ಮುಂದಿನ ವಾಹನ ನಿಧಾನಿಸಿದ್ದನ್ನು ಕಂಡು ತಾವೂ ನಿಧಾನಿಸುವುದೇ ಗುರುತು. ಮೈಸೂರು ರಸ್ತೆಯ ಪಕ್ಕದಲ್ಲೇ ವೃಷಭಾವತಿ ಹರಿಯುತ್ತದೆ. ಜೋರು ಮಳೆಯಲ್ಲಿ ತಗ್ಗಿನ ರಸ್ತೆಗೂ ಕೆಳಸೇತುವೆಗೂ ನೀರು ನುಗ್ಗಿದರೆ ಆಳ ತಿಳಿಯದೆ ವಾಹನ ಇಳಿಸಬಾರದು.

ಕೆಂಗೇರಿ ದಾಟಿದ ಮೇಲೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶುರುವಾಗುತ್ತದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ಕಾರುಗಳ ಮಿತಿ ಗಂಟೆಗೆ 100 ಕಿಲೋಮೀಟರ್. ಆ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಫೋನಿನ ಸಂದೇಶಕ್ಕೆ ಮೂರು ಸೆಕೆಂಡು ಕಣ್ಣು ಹಾಯಿಸಿದರೆ 84 ಮೀಟರ್ ರಸ್ತೆಯನ್ನು ಕುರುಡಾಗಿ ದಾಟಿದಂತೆ. ನೈಸ್ ರಸ್ತೆಯಲ್ಲಿ 2022ರ ಜನವರಿಯಿಂದ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು.

ಓಡಿಸಲೇಬೇಕೆಂದೇನೂ ಇಲ್ಲ. ನೇರಳೆ ಮಾರ್ಗದ ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೂ ಬಂದಿದೆ. ಹಸಿರು ಮಾರ್ಗ 2014ರಿಂದ ರಾಜಾಜಿನಗರದಲ್ಲಿ ಹಾದುಹೋಗುತ್ತಿದೆ. ಹೊಸಬರಿಗೆ ನಗರದೊಳಗೆ ಮೆಟ್ರೊ, ಹೊರಗೆ ಅನುಭವಿ ಚಾಲಕರಿರುವ ಬಾಡಿಗೆ ಕಾರು ಸುರಕ್ಷಿತ ಆಯ್ಕೆ.

ಅಪಘಾತವಾದಾಗ

ಯಾವ ದೇಶದಲ್ಲೂ ಮೊದಲ ಕರ್ತವ್ಯ ನಿಲ್ಲುವುದು. ಗಾಯಾಳುವನ್ನು ಬಿಟ್ಟು ಹೋಗುವುದು ಎಲ್ಲ ಕಡೆ ಅಪರಾಧ. ನಂತರ ಎಚ್ಚರಿಕೆಯ ದೀಪ ಹಾಕಿ, ಹಿಂದೆ ತ್ರಿಕೋನ ಫಲಕ ಇಟ್ಟು, ಜನರನ್ನು ತಡೆಬೇಲಿಯ ಆಚೆಗೆ ಕಳಿಸಿ ಕರೆ ಮಾಡಬೇಕು. ಭಾರತ ಮತ್ತು ಯೂರೋಪಿನ ಒಕ್ಕೂಟದಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೊಲೀಸರಿಗೆ 999, ಆಂಬುಲೆನ್ಸ್‌ಗೆ 998. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹ ಇವೆ.

ಗಾಯಾಳುವಿಗೆ ನೆರವಾದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆದಾಡಿಸುತ್ತಾರೆಂಬ ಭಯ ನಮ್ಮಲ್ಲಿ ಹಳೆಯದು. ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಇಂಥವರ ರಕ್ಷಣೆಗೆ ಮಾರ್ಗಸೂಚಿಗಳನ್ನು ಕಡ್ಡಾಯ ಮಾಡಿತು. 2019ರ ತಿದ್ದುಪಡಿ ಅದನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಮಾಗಿ ಸೇರಿಸಿತು. ನೆರವಾದವರು ಹೆಸರು ಹೇಳುವುದೂ ಕಡ್ಡಾಯವಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ.

ನಡೆಯುವವರು, ಮಕ್ಕಳು, ಹಿರಿಯರು

ಪ್ರವಾಸಿಗಳೆಲ್ಲ ಚಾಲಕರಲ್ಲ, ಹೆಚ್ಚಿನವರು ನಡೆಯುವವರು. ನಾವು ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಿ ಬೆಳೆದವರು. ಬಲಗಡೆ ಸಂಚಾರದ ದೇಶದಲ್ಲಿ ಹತ್ತಿರದ ವಾಹನ ಎಡದಿಂದ ಬರುತ್ತದೆ. ಬೆಳಗಿನ ವಾಕಿಂಗ್ ಬಿಡದ ಹಿರಿಯರು ಹೊಸ ಊರಿನಲ್ಲಿ ಮೊದಲ ವಾರ ಮನೆಯವರ ಜೊತೆ ಹೋಗಿ, ಸಿಗ್ನಲ್ ಕಂಬದ ಗುಂಡಿ ಒತ್ತಿ, ನಡೆಯುವ ಮನುಷ್ಯನ ಚಿಹ್ನೆ ಬಂದ ಮೇಲೆ ಎರಡೂ ಕಡೆ ನೋಡಿ ದಾಟುವುದನ್ನು ರೂಢಿಸಿಕೊಳ್ಳಬೇಕು. ಕಾರುಗಳ ನಡುವೆ ಕೈ ಅಡ್ಡ ಹಿಡಿದು ದಾಟುವ ನಮ್ಮ ಪದ್ಧತಿ ಅಲ್ಲಿನ ಚಾಲಕರಿಗೆ ಅರ್ಥವಾಗುವುದಿಲ್ಲ.

ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹೋಗುವುದು ಅಜ್ಜಿಯ ಪ್ರೀತಿಗೆ ಸಹಜ. ಡಿಕ್ಕಿಯ ಕ್ಷಣದಲ್ಲಿ ಮಗುವನ್ನು ಹಿಡಿದುಕೊಳ್ಳುವ ಬಲ ಯಾವ ಮನುಷ್ಯನ ತೋಳಿಗೂ ಇಲ್ಲ. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂಟಿಮೀಟರ್, ಜರ್ಮನಿಯಲ್ಲಿ 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ, ಇವೆರಡರಲ್ಲಿ ಮೊದಲು ಯಾವುದು ತುಂಬುತ್ತದೋ ಅಲ್ಲಿಯವರೆಗೆ ಮಕ್ಕಳ ಆಸನ ಕಡ್ಡಾಯ. ಭಾರತದಲ್ಲಿ ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯವೆಂಬುದನ್ನು ಮರೆತವರೇ ಹೆಚ್ಚು.

ಸುರಕ್ಷತೆಯ ತಿರುಳು

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಭಾರತದಲ್ಲಿ 2022ರಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದೊಳಗೆ ವಿದ್ಯಾರ್ಥಿನಿಯೊಬ್ಬರು ಬಸ್ಸಿನಡಿ ಸಿಲುಕಿದಾಗ, ಆವರಣದಲ್ಲಿ ಹೊರಗಿನ ವಾಹನಗಳ ಓಡಾಟ ನಿಲ್ಲಿಸಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಅವರು ಕೇಳಿದ್ದು ನಡೆದು ಹೋಗಿ ಕ್ಷೇಮವಾಗಿ ಮರಳುವ ಹಕ್ಕನ್ನು.

ವಿದೇಶದ ರಸ್ತೆಗಾಗಿ ಪ್ರತ್ಯೇಕವಾಗಿ ಕಲಿಯಬೇಕಾದದ್ದು ಎಡಬಲದ ವ್ಯತ್ಯಾಸ, ಕೆಲವು ಫಲಕಗಳು ಮತ್ತು ಆಯಾ ಊರಿನ ಒಂದೆರಡು ವಿಶೇಷ ನಿಯಮಗಳು ಮಾತ್ರ. ಜೀಬ್ರಾ ಗೆರೆಯ ಹಿಂದೆ ನಿಲ್ಲುವುದು, ವೃತ್ತದಲ್ಲಿ ದಾರಿ ಬಿಡುವುದು, ಪಥ ಬದಲಿಸುವ ಮುನ್ನ ಕನ್ನಡಿ ನೋಡುವುದು, ಬೆಲ್ಟ್ ಬಿಗಿಯುವುದು, ಫೋನ್ ಬದಿಗಿಡುವುದು ಇಲ್ಲಿಯೂ ಕಾನೂನಿನಲ್ಲಿ ಬರೆದವೇ. ಇವನ್ನು ನವರಂಗ್ ಸರ್ಕಲ್‌ನಲ್ಲಿ ದಿನವೂ ಪಾಲಿಸುವವರಿಗೆ ಹೊರದೇಶದ ರಸ್ತೆಯಲ್ಲಿ ಕಲಿಕೆಯ ಮುಕ್ಕಾಲು ಭಾಗ ಆಗಲೇ ಮುಗಿದಿರುತ್ತದೆ. ಜಿನೀವಾ ಒಪ್ಪಂದದ ಪುಸ್ತಿಕೆಗೆ ಆರ್‌.ಟಿ.ಓ.ದಲ್ಲಿ ಅರ್ಜಿ ಹಾಕಿದ ದಿನದಿಂದ ವಿಮಾನ ಹತ್ತುವವರೆಗೆ ಸಿಗುವ ಕೆಲವು ವಾರಗಳನ್ನು ಆ ಅಭ್ಯಾಸಕ್ಕೆ ಮೀಸಲಿಟ್ಟರೆ, ಪ್ರಯಾಣದ ಸಿದ್ಧತೆ ತಮ್ಮ ಬೀದಿಯ ಮುಂದಿನ ಸಿಗ್ನಲ್‌ನಲ್ಲೇ ಆರಂಭವಾಗುತ್ತದೆ.